ಮೋಟಾರು ಸುಟ್ಟ ಭಾನುವಾರ

ಛತ್ರದ ಹಿಂದಿನ ಒಲೆಯಲ್ಲಿ ಅಡುಗೆಯವನು ಸಾರಿಗೆ ಒಗ್ಗರಣೆ ಹಾಕಿದ ಚುರ್ ಎಂಬ ಸದ್ದಿಗೇ ಕಲ್ಲೇಶಪ್ಪ ಬೆಚ್ಚಿಬಿದ್ದ. ಬೆಚ್ಚುವಂಥದ್ದು ಏನೂ ಆಗಿರಲಿಲ್ಲ. ಹಳೇಬೀಡಿನಲ್ಲಿ ಭಾನುವಾರದ ಬೆಳಿಗ್ಗೆ ಎಂದಿನಂತೆ ನಡೆದಿತ್ತು. ದೇವಸ್ಥಾನದ ಕಡೆಯಿಂದ ಪ್ರವಾಸಿ ಬಸ್ಸುಗಳ ಹಾರನ್ನು, ಕಡಲೆಕಾಯಿ ಮಾರುವವರ ಕೂಗು. ಬಸ್ತಿಹಳ್ಳಿ ದಾರಿಯ ಈ ಛತ್ರವನ್ನು ಗೊತ್ತುಮಾಡಿದವನು ಅವನೇ, ಅಡುಗೆಯವನನ್ನು ಹುಡುಕಿದವನೂ ಅವನೇ, ಹೋಳಿಗೆಗೆ ತುಪ್ಪವನ್ನು ಮಾತ್ರ ಜಾವಗಲ್ಲಿನ ಮನೆಯಿಂದ ಡಬ್ಬಿಯಲ್ಲಿ ತಂದಿದ್ದ. ಎಲ್ಲವೂ ಸರಿಯಾಗಿತ್ತು. ಹೇಳಿದ ಸುಳ್ಳೊಂದು ಮಾತ್ರ ಹೊಟ್ಟೆಯಲ್ಲಿ ಬೇಯದ ಹುರುಳಿಕಾಳಿನ ಹಾಗೆ ಕೂತಿತ್ತು. ಮನೆಯ ಬೋರಿನ ಮೋಟಾರು ಸುಟ್ಟುಹೋಗಿದೆ, ನೀರಿಗೆ ಪರದಾಟ, ದಯವಿಟ್ಟು ಎಲ್ಲರೂ ನೇರವಾಗಿ ಹಳೇಬೀಡಿಗೇ ಬನ್ನಿ ಎಂದು ಮೊನ್ನೆ ಹಾಸ್ಟೆಲ್ ಗೆಳೆಯರ ಬಳಗದ ವಾಟ್ಸಾಪ್ ಗುಂಪಿಗೆ ಬರೆದು ಕೆಳಗೆ ಕೈಮುಗಿದ ಚಿತ್ರ ಅಂಟಿಸಿದ್ದ. ಬರೆಯುವಾಗ ಕಿಟಕಿಯಾಚೆ ಅದೇ ಮೋಟಾರು ಗುಂಯ್ ಎನ್ನುತ್ತ ತೊಟ್ಟಿ ತುಂಬಿಸುತ್ತಿತ್ತು. ಅದರ ಸದ್ದಿಗೆ ಕಿರಿಕಿರಿಯಾಗಿ ಕಿಟಕಿಯ ಬಾಗಿಲು ಮುಚ್ಚಿ ಬಂದು ಮತ್ತೆ ಬರೆಯುವುದನ್ನು ಮುಂದುವರಿಸಿದ್ದ.

ಇದೆಲ್ಲ ಒಂದು ಅಂಗೈ ಸಾರಿನ ಸಲುವಾಗಿ ಎಂದರೆ ಯಾರಾದರೂ ನಕ್ಕಾರು. ಕಾಲೇಜು ದಿನಗಳಲ್ಲಿ ಹಾಸ್ಟೆಲಿನ ನೀರಿನ ತೊಟ್ಟಿಯ ಸುತ್ತಲಿನ ಕೋಣೆಗಳಲ್ಲಿದ್ದ ಹುಡುಗರು ತಮ್ಮನ್ನು ತೊಟ್ಟಿ ಬಳಗವೆಂದು ಕರೆದುಕೊಳ್ಳುತ್ತಿದ್ದರು. ಒಂದು ಮಳೆಗಾಲ ಮೆಸ್ಸಿನ ಹುಳಿ ಉಂಡು ಅರ್ಧ ಹಾಸ್ಟೆಲು ಆಸ್ಪತ್ರೆ ಸೇರಿತು. ಆಮೇಲೆ ಮೆಸ್ ಸೆಕ್ರೆಟರಿಯಾಗಲು ಯಾರೂ ಮುಂದೆ ಬರಲಿಲ್ಲ. ಕಣಕಟ್ಟೆಯ ದಲಿತ ಕೇರಿಯಿಂದ ಬಂದಿದ್ದ ದ್ಯಾವಯ್ಯನ ಮಗ ಉಮಾಶಂಕರ ಎದ್ದು ನಿಂತು, "ನಾನಾಗ್ತೀನಿ ಬಿಡ್ರಪ್ಪ. ಮೊದ್ಲು ನಾನು ಉಣ್ತೀನಿ. ನಾನು ನೆಟ್ಟಗಿದ್ರೆ ನೀವು ಉಣ್ಣಿ" ಎಂದಿದ್ದ. ಅಂದಿನಿಂದ ಅದೇ ಕಟ್ಟಳೆಯಾಯಿತು. ಉಮಾಶಂಕರ ಅಡುಗೆಮನೆಗೆ ಹೋಗಿ, ಸೌಟಿನಿಂದ ಅಂಗೈಗೆ ಸಾರು ಬಿಟ್ಟುಕೊಂಡು, ಸುರ್ ಎಂದು ಹೀರಿ, ಹೊರಗೆ ಬಂದು "ಬಡಿಸ್ರಪ್ಪೋ" ಎನ್ನುವವರೆಗೆ ತೊಟ್ಟಿ ಬಳಗದವನೊಬ್ಬನೂ ತಟ್ಟೆಗೆ ಕೈ ಹಚ್ಚುವಂತಿರಲಿಲ್ಲ. ಓದು ಮುಗಿದು, ನೌಕರಿಗಳು ಸಿಕ್ಕು, ಮದುವೆಗಳಾಗಿ, ಪಿಂಚಣಿ ಬರಲು ಶುರುವಾದ ಮೇಲೂ ವರ್ಷಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುವಾಗ ಅದೇ ನಡೆಯುತ್ತಿತ್ತು. ಎಲ್ಲ ಹೆಂಡತಿಯರೂ ಅದಕ್ಕೆ ಒಗ್ಗಿಕೊಂಡಿದ್ದರು. ಉಮಾಶಂಕರ ಬರುವುದನ್ನು ಕಂಡರೆ ಪಾತ್ರೆಯ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಕಲ್ಲೇಶಪ್ಪನ ಹೆಂಡತಿಗೆ ಮಾತ್ರ ಆ ಸಂದರ್ಭ ಬಂದಿರಲಿಲ್ಲ, ಏಕೆಂದರೆ ತನ್ನ ಸರದಿ ಬಂದಾಗಲೆಲ್ಲ ಕಲ್ಲೇಶಪ್ಪ ಏನಾದರೊಂದು ನೆವ ಹುಡುಕಿ ಅದನ್ನು ಮುಂದಿನವರ ಕೊರಳಿಗೆ ಕಟ್ಟುತ್ತಿದ್ದ. ಈ ವರ್ಷ ಹಾಗೆ ಕಟ್ಟಲು ಕೊರಳುಗಳೇ ಉಳಿದಿರಲಿಲ್ಲ. ಬಳಗದಲ್ಲಿ ಕೆಲವರು ತೀರಿಕೊಂಡಿದ್ದರು, ಕೆಲವರಿಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ, ಉಳಿದವರ ಸರದಿ ಆಗಲೇ ಮುಗಿದಿತ್ತು.

ಎಂಜಲಿನ ಪ್ರಶ್ನೆ ಅಷ್ಟೇ, ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಅವನ ಮನೆಯಲ್ಲಿ ಅಡುಗೆಮನೆಗೆ ತಾಗಿಕೊಂಡೇ ಪೂಜೆಯ ಕೋಣೆ. ಲಿಂಗಕ್ಕೆ ಎಡೆಯಾಗದೆ ಪಾತ್ರೆಗೆ ಸೌಟು ಇಳಿಯಬಾರದೆಂಬ ಅವ್ವನ ಕಾಲದ ನೇಮವನ್ನು ಹೆಂಡತಿ ಮಹದೇವಮ್ಮ ಬಿಟ್ಟಿರಲಿಲ್ಲ. ಹಾಗಿರುವಾಗ ಯಾರೇ ಆಗಲಿ ಒಳಗೆ ಬಂದು ಮೊದಲು ರುಚಿ ನೋಡುವುದೆಂದರೆ ಹೇಗೆ? ಯಾರೇ ಆಗಲಿ. ಈ ಮಾತನ್ನು ಒತ್ತಿ ಒತ್ತಿ ಹೇಳಿಕೊಂಡಷ್ಟೂ ಅದರೊಳಗಿನ ಟೊಳ್ಳು ಕೇಳಿಸುತ್ತಿತ್ತು. ಸೌಟು ಹಿಡಿಯುವವನು ಬಳಗದ ನಂಜುಂಡಯ್ಯನಾಗಿದ್ದರೆ, "ಎಡೆ ಆಗೋವರ್ಗೂ ತಡಿಯೋ ಹೊಟ್ಟೆಬಾಕ" ಎಂದು ಗದರಿ, ಆಮೇಲೆ ತಾನೇ ಒಳಗೆ ಕರೆದುಕೊಂಡು ಹೋಗುತ್ತಿದ್ದ ಎಂಬುದು ಅವನಿಗೆ ಗೊತ್ತಿತ್ತು. ಬಸವ ಜಯಂತಿಯ ದಿನ ಅರಸೀಕೆರೆಯಲ್ಲಿ ಮೈಕಿನ ಮುಂದೆ ನಿಂತು ಸಮಾನತೆಯ ಮೇಲೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ ಬಾಯಿ ಇದೇ. ಅವತ್ತು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಉಮಾಶಂಕರನೇ. ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು. ಮಹದೇವಮ್ಮ ಒಪ್ಪುವುದಿಲ್ಲ, ನಾನೇನು ಮಾಡಲಿ, ಎಂದು ಕೊನೆಗೆ ಅವಳ ಸೆರಗಿನ ಹಿಂದೆ ನಿಂತುಕೊಂಡಿದ್ದ. ಅವಳನ್ನು ಕೇಳಿರಲಿಲ್ಲ. ಗೆಳೆಯರು ಹಳೇಬೀಡು ನೋಡಬೇಕಂತೆ, ಊಟವೂ ಅಲ್ಲೇ ಎಂದಷ್ಟೇ ಅವಳಿಗೆ ಹೇಳಿದ್ದ.

ದೇವೀರಪ್ಪನೂ ನಂಜುಂಡಯ್ಯನೂ ಒಂದೇ ಕಾರಿನಲ್ಲಿ ಬಂದಿಳಿದರು. ದೇವೀರಪ್ಪ ಹೈಸ್ಕೂಲು ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ಈಗಲೂ ನಾಲ್ಕು ಜನ ಸೇರಿದ ಕಡೆ ಹಾಜರಿ ಕರೆಯುವ ಚಪಲ. ನಂಜುಂಡಯ್ಯ ಬ್ಯಾಂಕ್ ಮ್ಯಾನೇಜರಾಗಿದ್ದವನು, ಈಗ ಮಂಡಿಯ ಶಸ್ತ್ರಚಿಕಿತ್ಸೆಯ ವಿಷಯ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ. ಇಳಿಯುತ್ತಲೇ "ಏನ್ಲಾ ಕೊಬ್ಬರಿ ಸಾವ್ಕಾರ, ಮೈ ಬಂದೈತಲ್ಲೋ" ಎಂದು ಬೆನ್ನಿಗೆ ಗುದ್ದಿದ. ಕಲ್ಲೇಶಪ್ಪ ನಕ್ಕ. ಸಾವ್ಕಾರ ಎಂಬ ಆ ಮಾತು ಪ್ರತಿವರ್ಷವೂ ಅದೇ ಜಾಗದಲ್ಲಿ ಚುಚ್ಚುತ್ತಿತ್ತು. ಒಬ್ಬ ಹೆಡ್‌ಮಾಸ್ತರ, ಒಬ್ಬ ಮ್ಯಾನೇಜರ, ಉಮಾಶಂಕರನಂತೂ ಕೃಷಿ ಇಲಾಖೆಯ ಜಂಟಿ ನಿರ್ದೇಶಕನಾಗಿದ್ದವನು. ಜೀಪಿನಲ್ಲಿ ಬಂದಿಳಿದರೆ ತಾಲ್ಲೂಕಿಗೆ ತಾಲ್ಲೂಕೇ ಎದ್ದು ನಿಲ್ಲುತ್ತಿತ್ತು. ತಾನೊಬ್ಬನೇ ಡಿಗ್ರಿ ಮುಗಿಸದೆ ಕೊಬ್ಬರಿ ವ್ಯಾಪಾರದ ಮಂಡಿಯಲ್ಲಿ ಚೀಲಗಳ ಮೇಲೆ ಕೂತವನು, ನಿವೃತ್ತಿ ಎಂಬುದೇ ಇಲ್ಲದ ಕೆಲಸದವನು. ಕೊನೆಯ ವರ್ಷದ ಪರೀಕ್ಷೆಯ ನಡುವೆ ಅಪ್ಪ ಸತ್ತ ಸುದ್ದಿ ಬಂದಾಗ ಬಸ್ಸಿನಲ್ಲಿ ಜಾವಗಲ್ಲಿಗೆ ಜೊತೆಯಲ್ಲಿ ಬಂದವನು ಉಮಾಶಂಕರ. ದಾರಿಯುದ್ದಕ್ಕೂ ಕೈ ಹಿಡಿದುಕೊಂಡಿದ್ದ. ಮನೆ ಮುಂದೆ ಇಳಿದ ಮೇಲೆ ಕಲ್ಲೇಶಪ್ಪ ಅಳುವವರ ನಡುವೆ ಒಳಗೆ ಹೋದ, ಉಮಾಶಂಕರ ಬೀದಿಯಾಚೆ ಹೊಂಗೆ ಮರದ ಕೆಳಗೆ ನಿಂತ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಅನ್ನುವ ಹೊತ್ತೂ ಅದಲ್ಲ. ಸಂಜೆ ಸ್ಮಶಾನದಿಂದ ಬಂದು ನೋಡಿದರೆ ಅವನು ಬಸ್ಸು ಹತ್ತಿ ಹೋಗಿಬಿಟ್ಟಿದ್ದ. ಬೆಳಿಗ್ಗೆಯಿಂದ ಅವನು ಏನು ತಿಂದನೋ ಎಂಬ ಯೋಚನೆ ಕಲ್ಲೇಶಪ್ಪನಿಗೆ ಬಂದದ್ದು ಬಹಳ ವರ್ಷಗಳ ಮೇಲೆ, ಕೊಬ್ಬರಿ ಮಂಡಿಯಲ್ಲಿ ಚೀಲ ತೂಗಿಸುತ್ತಿದ್ದಾಗ, ಸುಮ್ಮಸುಮ್ಮನೆ.

"ಸೆಕ್ರೆಟರಿ ಎಲ್ಲೋ?" ದೇವೀರಪ್ಪ ಕೇಳಿದ.

"ಬತ್ತಾನೆ. ಹೊರಟಿದ್ದೀನಿ ಅಂತ ಫೋನು ಮಾಡಿದ್ದ."

"ಅವನು ಬಂದು ಬಡಿಸ್ರಪ್ಪೋ ಅನ್ನೋವರ್ಗೂ ನಮ್ಗೆ ಗತಿ ಇಲ್ಲ. ಅಲ್ಲೀವರ್ಗೂ ಬಸದಿನಾರ ನೋಡ್ಕೊಂಡು ಬರಾನ ನಡಿ."

ಬಸ್ತಿಹಳ್ಳಿಯ ಬಸದಿಯಲ್ಲಿ ತಂಪಿತ್ತು. ಕನ್ನಡಿಯ ಹಾಗೆ ಹೊಳಪು ಕೊಟ್ಟ ಕಂಬಗಳ ನಡುವೆ ನಿಂತು ನಂಜುಂಡಯ್ಯ ತನ್ನ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುವ ಅಭಿನಯ ಮಾಡಿದ. ಬಾಚಲು ಅಲ್ಲಿ ಕೂದಲಿರಲಿಲ್ಲ. ದೇವೀರಪ್ಪ ನಗುತ್ತ ಫೋಟೋ ತೆಗೆದ. ಕಲ್ಲೇಶಪ್ಪನೂ ಪಕ್ಕದ ಕಂಬದ ಮುಂದೆ ನಿಂತ. ಅಗಲವಾಗಿ ಎಳೆದುಕೊಂಡ ಒಂದು ಮುಖ, ಸಣ್ಣ ಕಣ್ಣು, ಹಣೆಯ ಮೇಲೆ ವಿಭೂತಿಯ ಪಟ್ಟೆ. ಈ ಮನುಷ್ಯ ಯಾರಿಗೂ ಕೆಟ್ಟದ್ದು ಮಾಡಿದವನಲ್ಲ ಎಂದು ತಾನೇ ಅದಕ್ಕೆ ಸಾಕ್ಷಿ ಹೇಳಬೇಕೆನಿಸಿತು. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಮಹದೇವಮ್ಮ.

"ಏನ್ರೀ, ಉಮಾಶಂಕರಪ್ಪೋರು ಮನೇಗೆ ಬಂದಿದ್ರು."

ಅವನು ಫೋನಿನ ಸದ್ದು ತಗ್ಗಿಸಿ ಗೆಳೆಯರ ಕಡೆ ಕಣ್ಣು ಹಾಯಿಸಿದ.

"ಜೊತೇಲಿ ಗಿಡ್ಡಯ್ಯ ಅಂತ ಮೋಟಾರ್ ರಿಪೇರಿಯೋನ್ನೂ ಕರ್ಕೊಂಡು ಬಂದಿದ್ರು, ಅರಸೀಕೆರೆಯಿಂದ. ಹಗ್ಗ, ಪೈಪು, ರಾಟೆ ಎಲ್ಲಾ ಕಾರ್ನಾಗೆ ಹೇರ್ಕೊಂಡು. ನಿಮ್ಗೆ ಹೇಳ್ದೆ ಸರಿ ಮಾಡಿಸಾನ ಅಂತ ಬಂದ್ರಂತೆ. ನಮ್ ಮೋಟಾರಿಗೆ ಏನಾಗೈತ್ರೀ? ನಾನು ಬಾಳೆಗೆ ನೀರು ಬಿಟ್ಕೊಂಡು ನಿಂತಿದ್ದೆ."

ಇಂಥ ತಪ್ಪನ್ನು ಉಮಾಶಂಕರನಲ್ಲದೆ ಇನ್ಯಾರು ಮಾಡಿಯಾರು? ಮೆಸ್ಸಿನಲ್ಲಿ ಒಲೆ ಕೆಟ್ಟರೆ, ನಲ್ಲಿ ನಿಂತರೆ, ಭಟ್ಟ ಮುನಿಸಿಕೊಂಡು ಊರಿಗೆ ಹೋದರೆ ಯಾರೂ ಹೇಳದೆ ಹೋಗಿ ನಿಲ್ಲುವವನು. ನೀರಿಲ್ಲವೆಂದು ಗೆಳೆಯ ಬರೆದಿದ್ದಾನೆ, ಇವನು ರಿಪೇರಿಯವನನ್ನೇ ಹೇರಿಕೊಂಡು ಬಂದಿದ್ದಾನೆ. ಕಾರು ಹೊಂಗೆ ಮರದ ಹತ್ತಿರ ನಿಂತದ್ದು, ಬಾಳೆಗಿಡಗಳ ಬುಡದಲ್ಲಿ ನೀರು ಹರಿಯುತ್ತಿದ್ದದ್ದು, ಮೋಟಾರಿನ ಗುಂಯ್‌ಗುಟ್ಟುವ ಸದ್ದು, ಅದನ್ನು ಕೇಳುತ್ತ ಉಮಾಶಂಕರನ ಮುಖದ ನಗು ಮೆಲ್ಲಗೆ ಇಳಿದದ್ದು, ಎಲ್ಲವೂ ಕಲ್ಲೇಶಪ್ಪನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡವು. ಏನಾದರೂ ಹೇಳಬೇಕಿತ್ತು. ಹೇಳಲು ಬಾಯಿ ತೆರೆದಾಗ ಬಂದದ್ದು ಒಂದೇ ಮಾತು.

"ಎಲ್ಲಿ ಕೂರ್ಸಿದ್ದೆ?"

ಆ ಒಂದು ಪ್ರಶ್ನೆಯಿಂದ ಮಹದೇವಮ್ಮನಿಗೆ ಎಲ್ಲ ತಿಳಿಯಿತು, ತಿಳಿಯಿತೆಂದು ಅವನಿಗೂ ತಿಳಿಯಿತು.

"ಒಳಗೆ ಬನ್ನಿ ಅಂದೆ," ಅವಳ ದನಿ ತಗ್ಗಿತು. "ಎರಡು ಸಲ ಅಂದೆ. ಇರ್ಲಿ ಕಣಮ್ಮ, ಇಲ್ಲೇ ಗಾಳಿ ಚೆನ್ನಾಗೈತೆ ಅಂತ ಜಗಲಿ ಮೇಲೇ ಕೂತ್ರು. ಮಜ್ಜಿಗೆ ಕೊಟ್ಟೆ, ಕುಡಿದ್ರು. ಲೋಟ ಅವ್ರೇ ತೊಳೆದು ಬೋರಲು ಹಾಕೋಕೆ ಎದ್ರು. ನಂಗೆ ಜೀವ ಹಿಡಿಯಾದಂಗೆ ಆಗೋಯ್ತು, ಕಿತ್ಕೊಂಡೆ. ಅಲ್ಲ, ನೀವು ನನ್ ಹೆಸ್ರು ಹೇಳಿದ್ರಾ ಅವ್ರ ಹತ್ರ? ಹೆಂಡ್ತಿ ಬ್ಯಾಡ ಅಂತಾಳೆ ಅಂತ?"

"ಇಲ್ಲ ಕಣೇ."

"ಮನಸ್ನಾಗೆ?"

ಅವನು ಕಂಬದಲ್ಲಿನ ತನ್ನ ಮುಖಕ್ಕೆ ಬೆನ್ನು ತಿರುಗಿಸಿದ.

"ಕೇಳಿದ್ರೆ ನಾನು ಏನಂತಿದ್ನೋ ನಂಗೂ ಗೊತ್ತಿಲ್ಲ," ಎಂದಳು ಮಹದೇವಮ್ಮ. "ಬ್ಯಾಡ ಅಂತಾನೇ ಅಂತಿದ್ನೋ ಏನೋ. ಆದ್ರೆ ನೀವು ಕೇಳ್ಬೇಕಿತ್ತು. ಅವ್ರು ಹೊರಟು ಆಗ್ಲೇ ಹೊತ್ತಾಯ್ತು, ಈಗ ಅಲ್ಲಿಗೆ ಬತ್ತಾವ್ರೆ, ಎದುರಿಸ್ಕಳಿ." ಫೋನು ಇಟ್ಟಳು.

"ಮನೆಯೋರಾ? ಏನಂತೆ?" ನಂಜುಂಡಯ್ಯ ಕೇಳಿದ. ತುಪ್ಪ ಸಾಕಾಗುತ್ತದೋ ಇಲ್ಲವೋ ಎಂದು ಕೇಳಿದಳು ಅಂತ ಕಲ್ಲೇಶಪ್ಪ ಹೇಳಿದ. ಒಂದು ಸುಳ್ಳಿಗೆ ಇನ್ನೊಂದು ಇಷ್ಟು ಸಲೀಸಾಗಿ ಜೋಡಿಯಾದದ್ದಕ್ಕೆ ಅವನಿಗೇ ಗಾಬರಿಯಾಯಿತು. ಛತ್ರಕ್ಕೆ ಹಿಂತಿರುಗುವ ದಾರಿಯಲ್ಲಿ ಅವನು ಮಾತುಗಳನ್ನು ಜೋಡಿಸಿದ, ಕೆಡವಿದ, ಮತ್ತೆ ಜೋಡಿಸಿದ. ರಾತ್ರಿಯೇ ಸರಿಹೋಯಿತು, ಗುಂಪಿಗೆ ಹಾಕಲು ಮರೆತೆ. ಇದು ಮಹದೇವಮ್ಮನ ಮುಂದೆ ನಿಲ್ಲುವ ಮಾತಲ್ಲ. ತೋಟದ ಮೋಟಾರು ಬೇರೆ, ಮನೆಯ ಮೋಟಾರು ಬೇರೆ. ಇದು ಇಲಾಖೆಯಲ್ಲಿ ಆಯಸ್ಸು ಸವೆಸಿದವನ ಮುಂದೆ ನಿಲ್ಲುವುದಿಲ್ಲ. ನಿಜವನ್ನೇ ಹೇಳಿಬಿಡಲೇ? ಉಮಾ, ನೀನು ನಮ್ಮ ಅಡುಗೆಮನೆಗೆ ಬರುವುದು ನನಗೆ ಆಗಲಿಲ್ಲ ಕಣೋ. ಆ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಪೂರ್ತಿಯಾಗಿ ಹೇಳಿಕೊಂಡು ನೋಡಿದ. ಅಲ್ಲೇ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತ. ನಂಜುಂಡಯ್ಯ ಖುಷಿಯಿಂದ, "ಮಂಡಿನಾ? ನಾನು ಹೇಳ್ಲಿಲ್ವಾ, ಎಲ್ರಿಗೂ ಬತ್ತದೆ" ಎಂದ. ಅರವತ್ತು ದಾಟಿದ ಬದುಕಿನಲ್ಲಿ ತನಗೆ ಸ್ನೇಹಿತ ಎಂದರೆ ಉಮಾಶಂಕರನೊಬ್ಬನೇ, ಉಳಿದವರೆಲ್ಲ ಪರಿಚಯದವರು, ವ್ಯಾಪಾರದವರು, ನಂಟರು. ಅವನು ಇವತ್ತು ತನ್ನನ್ನು ಬಿಟ್ಟುಬಿಟ್ಟರೆ ಹೊಸದಾಗಿ ಒಬ್ಬನನ್ನು ಸಂಪಾದಿಸುವ ವಯಸ್ಸೂ ಉಳಿದಿಲ್ಲ.

ಉಮಾಶಂಕರನ ಕಾರು ಆಗಲೇ ಛತ್ರದ ಮುಂದೆ ನಿಂತಿತ್ತು. ಹಿಂದಿನ ಸೀಟಿನ ಗಾಜಿನಲ್ಲಿ ನೀಲಿ ನೈಲಾನ್ ಹಗ್ಗದ ಸುರುಳಿ ಕಾಣುತ್ತಿತ್ತು. ಉಮಾಶಂಕರ ಬಿಳಿ ಅಂಗಿಯ ತೋಳು ಮಡಿಸಿಕೊಂಡು ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಗಿಡ್ಡಯ್ಯ ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ ಎಲೆಯಡಿಕೆ ಮೆಲ್ಲುತ್ತಿದ್ದ. ಕಲ್ಲೇಶಪ್ಪ ಹತ್ತಿರ ಹೋದ. ಉಮಾಶಂಕರ ತಿರುಗಿ, ಒದ್ದೆ ಕೈಯಲ್ಲೇ ಅವನ ಭುಜ ಹಿಡಿದು, "ತಡವಾಯ್ತು ಕಣೋ" ಎಂದ. ಅಷ್ಟೇ. ಕಲ್ಲೇಶಪ್ಪ ಅವನ ಮುಖದಲ್ಲಿ ಸಿಟ್ಟು ಹುಡುಕಿದ, ಇರಲಿಲ್ಲ. ವ್ಯಂಗ್ಯ ಹುಡುಕಿದ, ಅದೂ ಇರಲಿಲ್ಲ. ಹಳೆಯ ಮುಖವೇ, ಸ್ವಲ್ಪ ದಣಿದಿತ್ತು. ಬೈದುಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇವ್ರು ಯಾರಪ್ಪ?" ದೇವೀರಪ್ಪ ಗಿಡ್ಡಯ್ಯನ ಕಡೆ ಕತ್ತು ತಿರುಗಿಸಿದ. ಹೆಡ್‌ಮಾಸ್ತರನ ಕಣ್ಣಿಗೆ ಹೊಸಬರು ಬೇಗ ಬೀಳುತ್ತಾರೆ.

"ಗಿಡ್ಡಯ್ಯ ಅಂತ, ನಮ್ ಕಡೆಯೋನೇ. ಕಾರ್ನಾಗೆ ಒಬ್ನೇ ಆಗ್ತೀನಲ್ಲ, ಮಾತಿಗೆ ಅಂತ ಕರ್ಕೊಂಡ್ ಬಂದೆ. ಊಟಕ್ಕೆ ಇರ್ತಾನೆ."

"ಇರ್ಲಿ ಇರ್ಲಿ. ಅಲ್ಲ ಕಲ್ಲೇಶಿ, ನಿನ್ ಮೋಟಾರು ಏನಾಯ್ತೋ? ರಿವೈಂಡಿಂಗಿಗೆ ಕೊಟ್ಯಾ?" ನಂಜುಂಡಯ್ಯ ಕೇಳಿದ.

ಗಿಡ್ಡಯ್ಯ ಮೆಲ್ಲುವುದನ್ನು ನಿಲ್ಲಿಸಿ ಕಲ್ಲೇಶಪ್ಪನ ಕಡೆ ನೋಡಿದ. ಉಮಾಶಂಕರ ಕರವಸ್ತ್ರದಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತ, "ದಾರೀಲಿ ಹೋಗಿ ನೋಡ್ಕೊಂಡು ಬಂದೆ. ಸರಿಯಾಗೇ ಐತೆ. ನೀರು ಬತ್ತಾ ಐತೆ" ಎಂದ. ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನಂಜುಂಡಯ್ಯ ತೃಪ್ತನಾಗಿ ತನ್ನ ಮಂಡಿನೋವಿನ ಮಾತಿಗೆ ಹಿಂತಿರುಗಿದ. ಉಳಿಸಿದ್ದಕ್ಕೆ ಕೃತಜ್ಞತೆ ಹುಟ್ಟಬೇಕಿತ್ತು. ಕಲ್ಲೇಶಪ್ಪನಿಗೆ ಹುಟ್ಟಿದ್ದು ಭಯ. ತನ್ನ ಗುಟ್ಟಿನ ಜುಟ್ಟು ಈಗ ಇವನ ಕೈಯಲ್ಲಿದೆ, ಎಳೆಯುವುದಿಲ್ಲವೆಂದು ಗೊತ್ತಿದ್ದೂ ಭಯ.

ಎಲೆಗಳು ಬಿದ್ದವು. ಎಲ್ಲರೂ ಕೂತರು. ಉಮಾಶಂಕರ ಎಂದಿನ ಹಾಗೆ ಒಳಗೆ ಹೋದ. ಕಲ್ಲೇಶಪ್ಪನೂ ಹಿಂದೆಯೇ ಎದ್ದು ಹೋಗಿ ಬಾಗಿಲಲ್ಲಿ ನಿಂತ, ಏಕೆ ಎಂದು ಅವನಿಗೇ ತಿಳಿಯದು. ಕೂಲಿಯ ಅಡುಗೆಯವನು, ಬಾಡಿಗೆಯ ಪಾತ್ರೆ, ಯಾರ ಪೂಜೆಯ ಕೋಣೆಯೂ ಪಕ್ಕದಲ್ಲಿಲ್ಲ. ಉಮಾಶಂಕರ ಸೌಟಿನಿಂದ ಅಂಗೈಗೆ ಸಾರು ಬಿಟ್ಟುಕೊಂಡ. ಬಾಯಿಯ ಹತ್ತಿರ ತಂದವನು ಹಾಗೇ ನಿಂತ. ಬೆರಳ ಸಂದಿನಿಂದ ಸಾರು ಇಳಿದು ಮೊಣಕೈವರೆಗೆ ಗೆರೆ ಎಳೆಯಿತು. ಇವತ್ತು ಹೀರುವುದಿಲ್ಲ, ಎಂದುಕೊಂಡ ಕಲ್ಲೇಶಪ್ಪ. ಈಗ ಸೌಟನ್ನು ಇಡುತ್ತಾನೆ, ನನ್ನ ಕಡೆ ತಿರುಗುತ್ತಾನೆ, ಹೊರಗೆ ಎಲ್ಲರೂ ಕಾಯುತ್ತಿರುತ್ತಾರೆ, ಆಮೇಲೆ ಈ ಬಳಗವೂ ಇಲ್ಲ ಏನೂ ಇಲ್ಲ. ಉಮಾಶಂಕರ ಸುರ್ ಎಂದು ಹೀರಿದ. "ಉಪ್ಪು ಒಂದು ಚಿಟಿಕೆ ಬೇಕು ಭಟ್ರೇ" ಎಂದು ಹೇಳಿ, ಕಲ್ಲೇಶಪ್ಪನ ಪಕ್ಕದಿಂದಲೇ ದಾಟಿ ಹೊರಗೆ ಹೋಗಿ, "ಬಡಿಸ್ರಪ್ಪೋ" ಎಂದು ಕೂಗಿದ. ಕೂಗಿನಲ್ಲಿ ಎಂದಿನ ಗತ್ತಿತ್ತು. ದೇವೀರಪ್ಪ ಶಿಳ್ಳೆ ಹೊಡೆದ.

ಊಟದ ನಡುವೆ ಮಾತು ಎಂದಿನಂತೆ ಯಾರು ಎಲ್ಲಿಗೆ ಬಂದು ಮುಟ್ಟಿದರೆಂಬ ಕಡೆಗೆ ಹೊರಳಿತು. ದೇವೀರಪ್ಪ ಶಾಲೆ ಬಿಟ್ಟ ಮೇಲೆ ಬೆಳಿಗ್ಗೆ ಏಳಲು ಕಾರಣವೇ ಸಿಗುತ್ತಿಲ್ಲವೆಂದ. ನಂಜುಂಡಯ್ಯ ಬ್ಯಾಂಕಿಗೆ ಈಗ ಹೋದರೆ ತನ್ನ ಕುರ್ಚಿಯ ಹುಡುಗಿ "ಏನು ಬೇಕಿತ್ತು ಅಂಕಲ್" ಎನ್ನುತ್ತಾಳೆಂದು ಹೇಳಿ ನಗಿಸಲು ಹೋಗಿ ತಾನೇ ಮಂಕಾದ. ಉಮಾಶಂಕರ ತನ್ನ ಮಗ ರಾಹುಲ್ ಬೇಲೂರಿನ ಕಾಲೇಜಿಗೆ ಲೆಕ್ಚರರಾಗಿ ಬಂದ ಸುದ್ದಿ ಹೇಳಿದ. "ಮುಂದಿನ್ ವರ್ಷ ನಮ್ಮನೇಲಿ ಕಣ್ರಪ್ಪ" ಎಂದೂ ಹೇಳಿದ. ಎಲ್ಲರೂ ಹೋ ಎಂದರು. ಅವನ ಮನೆಯಲ್ಲಿ ಬಳಗ ಸೇರಿದ್ದಾಗಲೆಲ್ಲ ಕಲ್ಲೇಶಪ್ಪನಿಗೆ ಮಠದ ಕಾರ್ಯಕ್ರಮವೋ ಎ.ಪಿ.ಎಂ.ಸಿ. ಚುನಾವಣೆಯೋ ಅಡ್ಡ ಬಂದಿತ್ತು. ಅದು ಯಾರಿಗೂ ನೆನಪಿದ್ದಂತೆ ಕಾಣಲಿಲ್ಲ. ಕಲ್ಲೇಶಪ್ಪ ಎಲೆಯ ಮೇಲೆ ಬೆರಳಾಡಿಸುತ್ತ, "ಉಮಾ, ಆ ಮೋಟಾರು..." ಎಂದು ಪಿಸುಗುಟ್ಟಿದ. ಉಮಾಶಂಕರ ಹೋಳಿಗೆಯವನನ್ನು ಕರೆದು ಅವನ ಎಲೆಗೆ ಇನ್ನೊಂದು ಹಾಕಿಸಿ, "ತುಪ್ಪ ಮನೇದು ತಾನೆ? ಚೆನ್ನಾಗೈತೆ, ತಿನ್ನು" ಎಂದ. ಕಲ್ಲೇಶಪ್ಪ ತಿಂದ.

ಬಿಸಿಲು ಇಳಿಯುವ ಮುಂಚೆ ಉಳಿದವರು ಹೊರಟರು. ಗಿಡ್ಡಯ್ಯ ಮುಂದಿನ ಸೀಟಿನಲ್ಲಿ ಕೂತು ತೂಕಡಿಸುತ್ತಿದ್ದ. ಉಮಾಶಂಕರ ಕಾರಿನ ಬಾಗಿಲು ತೆರೆದವನು, ಒಳಗೆ ಕೂರದೆ ಬಾಗಿಲ ಮೇಲೆ ತೋಳಿಟ್ಟು ನಿಂತ. ಹೇಳಿಬಿಡಬೇಕು, ಈಗ, ಎಂದು ಕಲ್ಲೇಶಪ್ಪ ಗಂಟಲು ಸರಿಮಾಡಿಕೊಂಡ. ಮಾತಾಡಿದವನು ಉಮಾಶಂಕರ.

"ಮುಂದಿನ್ ವರ್ಷ ನಮ್ಮನೇಲಿ ಅಂತ ಎಲ್ರ ಮುಂದೆ ಅಂದ್ಬಿಟ್ಟೆ. ನಿನ್ನ ಒಂದ್ ಮಾತು ಕೇಳ್ಲಿಲ್ಲ."

"ನನ್ನ ಕೇಳಾದೇನೈತೆ?"

"ಐತೆ ಕಣೋ. ನಮ್ಮನೆಯೋಳು ಲತಾಮಣಿ ಯಾವಾಗ್ಲೂ ಕೇಳ್ತಾಳೆ, ನಿಮ್ ಕಲ್ಲೇಶಪ್ಪೋರು ಒಂದ್ಸಲಾನೂ ನಮ್ಮನೇಲಿ ಉಣ್ಣಲಿಲ್ವಲ್ಲ ಅಂತ. ಏನಾರ ಒಂದು ಹೇಳಿ ತೇಲಿಸ್ತೀನಿ." ಅವನು ಕೆಳಗೆ ನೋಡುತ್ತ ಚಪ್ಪಲಿಯ ತುದಿಯಿಂದ ಒಂದು ಹರಳನ್ನು ಸರಿಸಿದ. "ನಿಂಗೆ ಕಷ್ಟ ಆಗಾದಾದ್ರೆ ಈಗ್ಲೇ ಹೇಳ್ಬಿಡು. ನಮ್ಮನೆ ಮೋಟಾರೂ ಸುಟ್ಟೋಯ್ತು ಅಂತ ನಾನೇ ಗುಂಪಿಗೆ ಹಾಕ್ಬಿಡ್ತೀನಿ. ಇಲ್ಲೇ ಈ ಛತ್ರದಾಗೇ ಉಣ್ಣಾನ, ಏನಂತೆ."

ದನಿಯಲ್ಲಿ ಕುಟುಕುವುದೇನೂ ಇರಲಿಲ್ಲ. ಅವನು ನಿಜವಾಗಿಯೂ ಕೇಳುತ್ತಿದ್ದ. ಮೆಸ್ಸಿನ ಒಲೆ ಕೆಟ್ಟಾಗ ಬೇರೆ ದಾರಿ ಹುಡುಕುತ್ತಿದ್ದವನ ಅದೇ ದನಿ.

ಕಲ್ಲೇಶಪ್ಪನಿಗೆ ಆ ಕ್ಷಣ ನಾಚಿಕೆಯಾಗಬೇಕಿತ್ತು. ಕಾಲು ಹಿಡಿದುಕೊಳ್ಳಬೇಕಿತ್ತು, ಅಳಬೇಕಿತ್ತು, ಇಲ್ಲ ಕಣೋ ನಿಮ್ಮನೇಲೇ ಉಣ್ತೀನಿ ಎಂದು ಕೂಗಿ ಹೇಳಬೇಕಿತ್ತು. ಅವೆಲ್ಲವೂ ಬಂದವು, ಆದರೆ ಒಂದು ಉಸಿರು ತಡವಾಗಿ ಬಂದವು. ಎಲ್ಲಕ್ಕೂ ಮೊದಲು ಬಂದದ್ದು ಸಮಾಧಾನ. ತಲೆಯ ಮೇಲಿನ ಹೊರೆಯನ್ನು ಯಾರೋ ಇಳಿಸಿಕೊಂಡಂಥ, ಸಂದೇಹಕ್ಕೆ ಎಡೆಯೇ ಇಲ್ಲದ ಸಮಾಧಾನ. ಅದು ಮುಖಕ್ಕೆ ಬಂದೇ ಬಂತು. ಅದನ್ನು ಒರೆಸಿಹಾಕಲು ಅವನಿಗೆ ಹೊತ್ತು ಸಾಲಲಿಲ್ಲ.

ಉಮಾಶಂಕರ ತಲೆಯೆತ್ತಿ ನೋಡುತ್ತಿದ್ದ.

"ಸರಿ ಬಿಡು," ಎಂದು ಹೇಳಿ, ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡ.